ಏಳರ ಮೇಲಿನ ಕೆಂಪು ಗೆರೆ

ಎಂಟು ವರ್ಷದಿಂದ ಅವಳ ರಿಪೇರಿ ಅಂಗಡಿಯ ಕಪಾಟಿನ ಮೇಲ್ತಟ್ಟಿನಲ್ಲಿ ಒಂದು ಟೋಸ್ಟರ್ ಕೂತಿತ್ತು. ಅವಳು ಕೊಂಡದ್ದಲ್ಲ, ಯಾರೂ ರಿಪೇರಿಗೆ ಕೊಟ್ಟದ್ದೂ ಅಲ್ಲ. ಒಂದು ಬೆಳಿಗ್ಗೆ ಶಟರ್ ಎತ್ತುವಾಗ ಮೆಟ್ಟಿಲ ಮೇಲಿತ್ತು. ಅದರ ಹಿಡಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು: 'ದಯವಿಟ್ಟು ರಿಪೇರಿ ಮಾಡಬೇಡಿ, ಇದಿನ್ನೂ ಬದುಕಿದೆ.' ಅವಳು ಚೀಟಿ ಹರಿಯಲಿಲ್ಲ, ಟೋಸ್ಟರ್ ಎಸೆಯಲಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ಮೇಲಿಟ್ಟಳು. ಕೆಲವರು ಸಿಟ್ಟನ್ನು ನುಂಗುತ್ತಾರೆ, ಕೆಲವರು ಉಗುಳುತ್ತಾರೆ. ಅವಳು ಅದಕ್ಕೊಂದು ಜಾಗ ಮಾಡಿಕೊಟ್ಟು, ವಾರಕ್ಕೊಮ್ಮೆ ಧೂಳು ಒರೆಸಿದಳು.

ಚೀಟಿಯ ಹಿಂದಿನ ಕತೆ ಊರಿನ ವಾದ್ಯಗಾರರಿಗೆಲ್ಲ ಬಾಯಿಪಾಠ. ಆ ಕತೆಗೆ ಒಂದೇ ಕೊರತೆ, ಅದು ನಿಜವಲ್ಲ.

ಅವಳ ಅಪ್ಪ ರೇಡಿಯೊ ರಿಪೇರಿಯವನು, ವಾಲ್ವುಗಳ ಕಾಲದವನು. ಹಿರಿಮಗಳ ಮದುವೆಯಾದಾಗ ಗಿಟಾರ್ ನುಡಿಸುವ ಅಳಿಯನಿಗೆಂದು ತನ್ನ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದ. ಅದರೊಳಗಿನ ಟ್ರಾನ್ಸ್‌ಫಾರ್ಮರಿನ ಒಂದೊಂದು ಸುತ್ತನ್ನೂ ತನ್ನ ಸುತ್ತುಯಂತ್ರದ ಮೇಲೆ ಎಣಿಸಿ ಸುತ್ತಿದ್ದ. ಆದರೆ ವಾಲ್ವಿನ ಆಂಪಿಗೆ ಒಂದು ಹಟವಿದೆ. ಮೆಲ್ಲಗೆ ಇಟ್ಟರೆ ಅದು ಸಪ್ಪೆ. ಬೆವರಿಳಿಯುವಷ್ಟು ದುಡಿಸಿದರೆ ಮಾತ್ರ ಅದರ ಗಂಟಲಿನಲ್ಲಿ ಆ ಒಡಕು, ಆ ಜೇನು ಬರುವುದು. ಅಷ್ಟು ದುಡಿಸಿದರೆ ಮೇಜಿನ ಮೇಲಿನ ಗಾಜಿನ ಲೋಟ ತಾನಾಗಿ ನಡೆಯಲು ಶುರುಮಾಡುತ್ತದೆ. ಮೈದಾನದಲ್ಲಾದರೆ ಪರವಾಗಿಲ್ಲ. ಅರವತ್ತು ಕುರ್ಚಿ ಹಾಕಿದ ಕೋಣೆಯಲ್ಲಾದರೆ ಮೊದಲ ಸಾಲಿನವರು ಎರಡನೇ ಹಾಡಿಗೇ ಎದ್ದು ಕೊನೆಯ ಸಾಲಿಗೆ ಹೋಗುತ್ತಾರೆ, ಕೊನೆಯ ಸಾಲಿನವರು ಮನೆಗೆ.

ಅದಕ್ಕೆಂದೇ ಅವಳು, ಆಗಿನ್ನೂ ಇಪ್ಪತ್ತಾರರವಳು, ಒಂದು ಪೆಟ್ಟಿಗೆ ಮಾಡಿದ್ದಳು. ಆಂಪಿಗೂ ಸ್ಪೀಕರಿಗೂ ನಡುವೆ ಇಡುವ ಪೆಟ್ಟಿಗೆ. ಆಂಪು ಎಷ್ಟೇ ಕೂಗಲಿ, ಪೆಟ್ಟಿಗೆ ಆ ಕೂಗಿನ ಮುಕ್ಕಾಲು ಪಾಲನ್ನು ಬಿಸಿಯಾಗಿ ನುಂಗಿ, ಉಳಿದದ್ದನ್ನಷ್ಟೆ ಸ್ಪೀಕರಿಗೆ ಬಿಡುತ್ತಿತ್ತು. ಗಂಟಲು ಅದೇ, ಗದ್ದಲ ಕಮ್ಮಿ. ಊರಿನಲ್ಲಿ ಯಾರೂ ಮಾಡಿರಲಿಲ್ಲ. ಮೊದಲ ಸಲ ಅದನ್ನು 'ಪ್ರೆಸ್ಸಿ'ಗೆ ತೆಗೆದುಕೊಂಡು ಹೋದದ್ದು ಭಾವ. ಪ್ರೆಸ್ಸು ಅಂದರೆ ಹಳೆಯ ಮುದ್ರಣಾಲಯ. ಯಂತ್ರಗಳನ್ನು ಮಾರಿ, ಗೋಡೆಗೆ ಬಣ್ಣ ಬಳಿದು, ಕುರ್ಚಿ ಹಾಕಿ, ಸಂಗೀತ ಇಟ್ಟುಕೊಂಡ ಕೋಣೆ. ನಡೆಸುವವಳನ್ನು ಎಲ್ಲರೂ ಪ್ರೆಸ್ಸಮ್ಮ ಅನ್ನುತ್ತಿದ್ದರು.

ಅವತ್ತು ಅರ್ಧ ಕಛೇರಿಯಾಗಿತ್ತು. ಅವಳು ಹಿಂದಿನ ಕೋಣೆಗೆ ಒಂದು ವೈರು ತರಲು ಹೋಗಿದ್ದಳು. ಬರುವಷ್ಟರಲ್ಲಿ ಆಂಪಿನ ಬೆನ್ನಿನಿಂದ ಹೊಗೆ. ವೇದಿಕೆಯ ಮೇಲೆ ಭಾವ ಎರಡೂ ಕೈ ಮೇಲೆತ್ತಿ ನಿಂತಿದ್ದ, ಪೋಲೀಸರಿಗೆ ಶರಣಾದವನ ಹಾಗೆ. ಆಮೇಲೆ ಮೈಕಿಗೆ ಬಾಯಿಟ್ಟು ಹೇಳಿದ:

"ಕ್ಷಮಿಸಿ, ಇದು ನಮ್ಮ ನಾದಿನಿ ಕೈಚಳಕ. ನಿಮ್ಮನೆ ಟೋಸ್ಟರ್ ಕೆಟ್ಟರೂ ಇವಳ ಕೈಗೆ ಕೊಡಬೇಡಿ, ಬ್ರೆಡ್ಡು ಬಿಟ್ಟು ಮಿಕ್ಕಿದ್ದೆಲ್ಲ ಸುಟ್ಟುಕೊಡ್ತಾಳೆ!"

ಕೋಣೆಗೆ ಕೋಣೆಯೇ ನಕ್ಕಿತು. ಮಾರನೆಯ ಬೆಳಿಗ್ಗೆ ಟೋಸ್ಟರ್ ಬಂತು. ಇನ್ನೊಂದು ವಾರಕ್ಕೆ ಅವಳ ಹೆಸರೇ ಟೋಸ್ಟರ್ ಆಯಿತು. 'ಟೋಸ್ಟರ್ ಇದಾಳಾ?' ಎಂದು ಕೇಳಿಕೊಂಡು ಗಿರಾಕಿಗಳು ಬರುತ್ತಿದ್ದರು. ಬರುವುದೂ ಕಮ್ಮಿಯಾಯಿತು.

ಅವಳು ಆ ಸುಟ್ಟುಹೋದ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ನೋಡಿದ್ದಳು. ಪದರದಿಂದ ಪದರಕ್ಕೆ ಕಿಡಿ ಹಾರಿದ ಕಪ್ಪು ತೂತುಗಳು. ಚಾಲೂ ಇರುವ ಆಂಪಿನಿಂದ ಸ್ಪೀಕರಿನ ವೈರು ಕಿತ್ತರೆ ಹೀಗಾಗುತ್ತದೆ. ಹೊರುವವರಿಲ್ಲದ ಭಾರ ಒಳಗೇ ಸಿಡಿಯುತ್ತದೆ. ಅಪ್ಪನಿಗೆ ತೋರಿಸಿದಳು. "ಭಾವ ಜೋರು ಬೇಕು ಅಂತ ಪೆಟ್ಟಿಗೆ ತೆಗೆಯೋಕೆ ವೈರು ಕಿತ್ತಿದಾರಪ್ಪ. ಸ್ವಿಚ್ಚು ಆಫ್ ಮಾಡಿಲ್ಲ."

"ಅಳಿಯಂದಿರು ಮುಟ್ಟೇ ಇಲ್ಲ ಅಂದರು."

"ಅಂದರು."

"ನಿನ್ನ ಪೆಟ್ಟಿಗೆ ಒಳಗೆ ಒಂದು ಬೆಸುಗೆ ಬಿಟ್ಟುಕೊಂಡರೂ ಹೀಗೇ ಆಗುತ್ತೆ. ಬೆಸುಗೆ ನಿಂದು."

ಎರಡರ ಗಾಯವೂ ಒಂದೇ ಥರ ಇರುತ್ತದೆ. ಪೆಟ್ಟಿಗೆಯನ್ನು ತೋರಿಸೋಣವೆಂದರೆ ಅವತ್ತಿನ ಗಲಾಟೆಯಲ್ಲಿ ಅದನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಅಪ್ಪ ಆಗಲೇ ನಡುಗಲು ಶುರುವಾಗಿದ್ದ ಕೈಯಲ್ಲಿ ಎರಡು ತಿಂಗಳು ಕೂತು ಇನ್ನೊಂದು ಟ್ರಾನ್ಸ್‌ಫಾರ್ಮರ್ ಸುತ್ತಿದ. ಅದೇ ಕೊನೆಯದು. ಆಮೇಲೆ ಸುತ್ತುಯಂತ್ರವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಒಳಂಗಿಯ ಜೇಬಿಗೆ ಪಿನ್ನಿನಿಂದ ಚುಚ್ಚಿಕೊಂಡ. ಯಾಕೆಂದು ಹೇಳಲಿಲ್ಲ, ಅವಳು ಕೇಳಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಅನ್ನ ಉಣ್ಣುತ್ತಾ, ಆ ಕೀಲಿ ಎಂಟು ವರ್ಷ ಅವರಿಬ್ಬರ ನಡುವೆ ಕೂತಿತ್ತು. ಅವಳು ಎಲ್ಲೆಲ್ಲಿಂದಲೋ ಕಳಪೆ ಟ್ರಾನ್ಸ್‌ಫಾರ್ಮರ್ ತರಿಸಿ ಜೋಡಿಸುತ್ತಿದ್ದಳು. ಅಪ್ಪ ಅದನ್ನು ದೂರದಿಂದ ನೋಡಿ ಮುಖ ತಿರುಗಿಸುತ್ತಿದ್ದ.

ಅವಳಿಗೆ ಬೇಕಾದದ್ದು ಇಷ್ಟೇ: ಅದೇ ಕೋಣೆಯಲ್ಲಿ, ಅದೇ ಮೈಕಿನಲ್ಲಿ, ಅಪ್ಪನ ಎದುರಿಗೆ, ಭಾವನ ಬಾಯಿಂದಲೇ ಆ ನಿಜ ಬರಬೇಕು. ಮತ್ತು ಆ ಕೀಲಿ.

ಅವಕಾಶ ತಾನಾಗಿ ನಡೆದುಕೊಂಡು ಬಂತು. ಒಂದು ಸೋಮವಾರ ಅಕ್ಕ ಒಂದು ಹಿಡಿ, ಭಾವ ಒಂದು ಹಿಡಿ ಹಿಡಿದು ಆಂಪನ್ನು ಅಂಗಡಿಯ ಮೆಟ್ಟಿಲು ಹತ್ತಿಸಿದರು.

"ಏನು ಭಾವ, ದಾರಿ ತಪ್ಪಿ ಬಂದಿರಾ?"

"ನಗಬೇಡ. ಶನಿವಾರ ಪ್ರೆಸ್ಸಲ್ಲಿ ನನ್ನ ಇಪ್ಪತ್ತೈದನೇ ವರ್ಷದ ಕಾರ್ಯಕ್ರಮ. ಎಲ್ಲರೂ ಬರ್ತಾರೆ. ಆದರೆ ಪ್ರೆಸ್ಸಮ್ಮ ಮೊದಲಿನ ಹಾಗಿಲ್ಲ, ಗೋಡೆ ಮೇಲೆ ಮೀಟರ್ ಹಾಕಿಸಿದಾಳೆ."

"ಕೇಳಿದೆ. ಮೇಲ್ಗಡೆ ಹಲ್ಲಿನ ಡಾಕ್ಟರು ಬಂದಿದಾರಂತೆ."

"ಆ ಮನುಷ್ಯ ಹಲ್ಲು ಕೊರೆಯೋವಾಗ ಕೆಳಗಿಂದ ನಾನು ಜೋರಾಗಿ ಒಂದು ತಂತಿ ಮೀಟಿದರೆ ಪೇಷೆಂಟು ಹಾರಿ ಬೀಳ್ತಾನಂತೆ. ಅದಕ್ಕೆ ಈಗ ಸದ್ದು ಮೀರಿದರೆ ಕೆಂಪು ದೀಪ, ಐದು ಎಣಿಸೋದರೊಳಗೆ ಇಳಿಸದಿದ್ದರೆ ವೇದಿಕೆ ಕರೆಂಟೇ ಕಟ್. ಹೋದ ತಿಂಗಳು ಮೂರು ಸಲ ಕಟ್ಟಾಯ್ತು ನಂಗೆ. ಹುಡುಗರೆಲ್ಲ ಮೊಬೈಲಲ್ಲಿ ಹಿಡಿದು ಎಲ್ಲಾ ಕಡೆ ಹಾಕಿದರು."

"ಚಿಕ್ಕ ಆಂಪು ತಗೊಳ್ಳಿ."

"ಚಿಕ್ಕದಾ? ಹತ್ತು ವರ್ಷದಿಂದ ನನ್ನ ಗಂಟಲು ಇದು! ಜನ ಬರೋದು ಇದನ್ನ ಕೇಳೋಕೆ." ಭಾವ ಆಂಪಿನ ತಲೆ ಸವರಿದ. ಆಮೇಲೆ ದನಿ ಇಳಿಸಿ, "ಆವಾಗ ಮಾಡಿದ್ಯಲ್ಲ, ಆ ಪೆಟ್ಟಿಗೆ. ಅಂಥದ್ದು ಇನ್ನೊಂದು. ಹಳೇದೆಲ್ಲ ಮರೆತುಬಿಡು. ತಮಾಷೆಗೆ ಅಂದ ಮಾತು."

"ಯಾವ ಮಾತು ಭಾವ?"

ಭಾವ ಕಪಾಟಿನ ಕಡೆ ನೋಡಲಿಲ್ಲ. ನೋಡಿದ್ದು ಅಕ್ಕ. ಟೋಸ್ಟರನ್ನೂ ಅದರ ಚೀಟಿಯನ್ನೂ ನೋಡಿ, ಚೀಲದ ಜಿಪ್ಪನ್ನು ಎಳೆದು ಮುಚ್ಚಿ, ಮತ್ತೆ ತೆರೆದು, "ಮಾಡಿಕೊಡೇ, ಪಾಪ," ಅಂದಳು. ಪಾಪ ಯಾರೆಂದು ಹೇಳಲಿಲ್ಲ.

"ಮಾಡಿಕೊಡ್ತೀನಿ. ಎರಡು ಮಾತು. ಒಂದು, ಅಪ್ಪನ್ನ ಮುಂದಿನ ಸಾಲಲ್ಲಿ ಕೂರಿಸಬೇಕು. ಅವನು ಕಟ್ಟಿದ ಆಂಪು."

"ಮಾವನಿಗೆ ಕಿವಿ ಕೇಳಲ್ಲವಲ್ಲ."

"ಕಣ್ಣು ಕಾಣುತ್ತೆ."

"ಆಯ್ತು, ಕೂರಿಸೋಣ. ಎರಡನೇದು?"

"ಪೆಟ್ಟಿಗೆ ಮೇಲೆ ನಾನು ಒಂದು ಗೆರೆ ಹಾಕ್ತೀನಿ. ಸದ್ದು ಏರಿಸೋಕೆ ತಿರುಗಿಸೋ ಗುಬ್ಬಿ ಆ ಗೆರೆ ದಾಟಬಾರದು. ಏನೇ ಆಗಲಿ."

"ಅಷ್ಟೇನಾ? ಗುಬ್ಬೀನೇ ಮುಟ್ಟಲ್ಲ, ಕೈ ಮುಗೀತೀನಿ." ನಿಜವಾಗಿಯೂ ಕೈ ಮುಗಿದ.

ಅವಳು ಆ ಕೈಗಳನ್ನು ನೋಡಿದಳು. ಗಿಟಾರ್ ನುಡಿಸುವವರಿಗೆಲ್ಲ ಒಂದು ಕಾಯಿಲೆಯಿದೆ, ಅವಳ ಕಸುಬಿನವರಿಗೆಲ್ಲ ಗೊತ್ತಿರುವ ಕಾಯಿಲೆ. ಮೊದಲೇ ಸದ್ದು ಅಳೆದು, ಎಲ್ಲರೂ ಒಪ್ಪಿ, ಸರಿಯಾಗಿದೆ ಅಂದ ಮೇಲೆ, ಮೂರನೇ ಹಾಡಿನ ಹೊತ್ತಿಗೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಗುಬ್ಬಿಯನ್ನು ಒಂದು ಚೂರು ಬಲಕ್ಕೆ ತಿರುಗಿಸುತ್ತಾರೆ. ಆಮೇಲೆ ಇನ್ನೊಂದು ಚೂರು. ಭಾವನ ಕೈ ಎಡಕ್ಕೆ ತಿರುಗಿದ್ದನ್ನು ಅವಳು ಈ ಜನ್ಮದಲ್ಲಿ ನೋಡಿರಲಿಲ್ಲ. ಬಚ್ಚಲಿನ ನಲ್ಲಿಯನ್ನು ಕೂಡ ಅಕ್ಕನೇ ನಿಲ್ಲಿಸಬೇಕಾಗಿತ್ತು.

ಅವರು ಹೋದ ಮೇಲೆ ಶಟರನ್ನು ಅರ್ಧ ಇಳಿಸಿ, ಸ್ಟೂಲು ಹತ್ತಿ, ಟೋಸ್ಟರನ್ನು ಕೆಳಗಿಳಿಸಿದಳು.

ಪೆಟ್ಟಿಗೆಗೆ ಹನ್ನೆರಡು ಮೆಟ್ಟಿಲಿನ ಗುಬ್ಬಿ ಹಾಕಿದಳು, ಒಂದೊಂದು ಮೆಟ್ಟಿಲಿಗೂ ಟಿಕ್ ಎನ್ನುವಂಥದ್ದು. ಒಂದರಿಂದ ಏಳರವರೆಗೆ ಸದ್ದು ನ್ಯಾಯವಾಗಿ ಏರುತ್ತಿತ್ತು. ಏಳಕ್ಕೆ ಪ್ರೆಸ್ಸಿನ ಮೀಟರು ಹಸಿರಿನಲ್ಲೇ ನಿಲ್ಲುವ ಹಾಗೆ ಅಳೆದಳು. ಅಲ್ಲಿಗೆ ಉಗುರುಬಣ್ಣದಿಂದ ಒಂದು ಕೆಂಪು ಗೆರೆ ಎಳೆದಳು. ಎಂಟರಿಂದ ಮುಂದೆ ತಂತಿಗಳನ್ನು ಹಿಂದುಮುಂದಾಗಿ ಬೆಸೆದಳು. ಎಂಟಕ್ಕೆ ಒಂದು ಉಸಿರಿನಷ್ಟು ಕಮ್ಮಿ, ಒಂಬತ್ತಕ್ಕೆ ಇನ್ನಷ್ಟು, ಹನ್ನೆರಡಕ್ಕೆ ಸೊಳ್ಳೆ. ಜೋರು ಬೇಕೆಂದು ತಿರುಗಿಸಿದಷ್ಟೂ ಆಂಪು ಮೆತ್ತಗಾಗುತ್ತದೆ. ಮೆತ್ತಗಾದಷ್ಟೂ ಅವನು ತಿರುಗಿಸುತ್ತಾನೆ. ಮಾತು ಉಳಿಸಿಕೊಂಡರೆ ಅವನಿಗೆ ಏನೂ ಆಗುವುದಿಲ್ಲ. ಕಾರ್ಯಕ್ರಮ ಜೋರಾಗಿ ನಡೆಯುತ್ತದೆ, ಚಪ್ಪಾಳೆ ಬೀಳುತ್ತದೆ, ಅವಳು ಸೋತು ಮನೆಗೆ ಬರುತ್ತಾಳೆ. ಅಷ್ಟು ಅವಕಾಶ ಕೊಟ್ಟಿದ್ದಳು. ಕೊಟ್ಟದ್ದು ಉದಾರತೆಯಿಂದಲ್ಲ. ಬಲೆಗೆ ಬೀಳುವವನು ತಾನೇ ನಡೆದು ಬಂದರೆ ರುಚಿ ಹೆಚ್ಚು.

ಇನ್ನೊಂದು ಕೆಲಸ ಉಳಿದಿತ್ತು. ಗುಬ್ಬಿ ಕೈಕೊಟ್ಟಾಗ ಅವನು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ಎಂಟು ವರ್ಷದ ಹಿಂದೆ ಮಾಡಿದ್ದನ್ನೇ. ಆಂಪಿನ ಒಳಗಿರುವುದು ಅಪ್ಪ ಸುತ್ತಿದ ಕೊನೆಯ ಟ್ರಾನ್ಸ್‌ಫಾರ್ಮರ್. ಅದನ್ನು ಪಣಕ್ಕಿಡಲು ಅವಳು ತಯಾರಿರಲಿಲ್ಲ. ಟೋಸ್ಟರಿನ ಹೊಟ್ಟೆಯಿಂದ ಕಾಯುವ ತಂತಿಯನ್ನು ಅದರ ತಗಡಿನ ಸಮೇತ ಬಿಚ್ಚಿ, ಅಳತೆಗೆ ಕತ್ತರಿಸಿ, ಆಂಪಿನ ಒಳಗೆ ವೈರು ಚುಚ್ಚುವ ತೂತಿನ ಬೆನ್ನಿಗೆ ಬೆಸೆದಳು. ವೈರು ಇದ್ದಷ್ಟು ಹೊತ್ತು ಆ ತಂತಿ ಸುಮ್ಮನಿರುತ್ತದೆ. ಯಾರಾದರೂ ಕಿತ್ತರೆ ಆ ಕ್ಷಣಕ್ಕೇ ಭಾರವನ್ನು ತನ್ನ ಮೈಮೇಲೆ ಹಾಕಿಕೊಂಡು ಕಾಯುತ್ತದೆ. ತಗಡಿನ ಸಂದಿಯಲ್ಲಿ ಯಾವ ಮಹಾನುಭಾವನ ಮನೆಯದೋ ಎಂಟು ವರ್ಷದ ಬ್ರೆಡ್ಡಿನ ಪುಡಿ ಇತ್ತು. ಬ್ರಷ್ ಕೈಗೆತ್ತಿಕೊಂಡವಳು ಹಾಗೇ ಕೆಳಗಿಟ್ಟಳು.

ಶುಕ್ರವಾರ ಭಾವ ಬಂದು ಪರೀಕ್ಷೆ ಮಾಡಿದ. ಅವಳು ಒಂದರಿಂದ ಏಳರವರೆಗೆ ತಿರುಗಿಸಿ ತೋರಿಸಿದಳು. ಏಳರಲ್ಲಿ ಆಂಪು ತುಂಬಿದ ಕೊರಳಲ್ಲಿ ಹಾಡಿತು, ಆದರೆ ಪಕ್ಕದ ಟೈಲರ್ ಅಂಗಡಿಯಲ್ಲಿ ಮಾತಾಡುವುದೂ ಕೇಳುತ್ತಿತ್ತು. ಭಾವನ ಕಣ್ಣು ಒದ್ದೆಯಾಯಿತು. ಅವನ ಕಣ್ಣು ಬೇಗ ಒದ್ದೆಯಾಗುತ್ತಿತ್ತು, ಅದೇನು ದೊಡ್ಡ ವಿಷಯವಲ್ಲ.

"ನೀನು ದೇವರು ಕಣೇ."

"ಟೋಸ್ಟರ್ ಅನ್ನಿ ಸಾಕು. ಏಳು ದಾಟಬೇಡಿ."

"ದಾಟಿದರೆ?"

"ದಾಟಲ್ಲ ಅಂದಿರಲ್ಲ."

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪ್ರೆಸ್ಸು ತುಂಬಿತ್ತು. ಅರವತ್ತು ಕುರ್ಚಿ, ಗೋಡೆಗೊರಗಿ ಮೂವತ್ತು ಜನ. ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದ ಮರದ ಕಪಾಟುಗಳು ಇನ್ನೂ ಹಾಗೇ ಇದ್ದವು, ಖಾನೆಗಳಲ್ಲಿ ಈಗ ಚಹಾದ ಲೋಟ. ಮೇಲ್ಗಡೆಯಿಂದ ಹಲ್ಲಿನ ಡಾಕ್ಟರ ಯಂತ್ರ ತೆಳ್ಳಗೆ ಕುಯ್ಯೆನ್ನುತ್ತಿತ್ತು. ವೇದಿಕೆಯ ಬಲಗೋಡೆಯಲ್ಲಿ ಮೀಟರು, ಅದರ ಮೇಲೆ ಹಸಿರು ದೀಪ. ಅದರ ಕೆಳಗಿನ ಸ್ಟೂಲಿನಲ್ಲಿ ಅವಳು. ಮುಂದಿನ ಸಾಲಿನ ನಡುವೆ ಅಪ್ಪ, ಇಸ್ತ್ರಿ ಮಾಡಿದ ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು. ಪಕ್ಕದಲ್ಲಿ ಅಕ್ಕ.

"ಡಾಕ್ಟರಿಗೆ ನಾಲ್ಕು ಗಂಟೆಗೆ ದವಡೆ ಹಲ್ಲು ಕೀಳೋದಿದೆಯಂತೆ," ಎಂದು ಪ್ರೆಸ್ಸಮ್ಮ ಅವಳ ಕಿವಿಯಲ್ಲಿ ಹೇಳಿದಳು. "ಇವತ್ತೇನಾದರೂ ಕೆಂಪು ಬಂತೋ, ನಿನ್ನ ಭಾವನ ಹಲ್ಲೂ ಕಿತ್ತುಬಿಡು ಅಂತೀನಿ."

"ಇವತ್ತು ಕೆಂಪು ಬರಲ್ಲ."

"ಅಷ್ಟು ಧೈರ್ಯವಾ ಟೋಸ್ಟರಮ್ಮನಿಗೆ?"

"ಬರೆದುಕೊಡ್ತೀನಿ."

ಭಾವ ಮೈಕಿಗೆ ಬಂದ. ಇಪ್ಪತ್ತೈದು ವರ್ಷ, ಅಭಿಮಾನಿಗಳು, ಮಾವನವರು ಕಟ್ಟಿದ ಆಂಪು, ಎಲ್ಲವೂ ಆಯಿತು. ಆಮೇಲೆ ಪೆಟ್ಟಿಗೆಯನ್ನು ಕಾಲಿನಿಂದ ತೋರಿಸಿದ. "ಇದು ನಮ್ಮ ನಾದಿನಿ ಮಾಡಿದ್ದು. ಬಾಗಿಲು ಎರಡೂ ಕಡೆ ಇದೆ, ಹೊಗೆ ಬಂದರೆ ನೂಕಾಡಬೇಡಿ!"

ಕೋಣೆ ನಕ್ಕಿತು. ಎಂಟು ವರ್ಷದ ಹಿಂದಿನ ನಗುವೇ, ಒಂದು ಚೂರೂ ಹಳತಾಗಿರಲಿಲ್ಲ. ಅವಳು ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಅಲ್ಲಿಯವರೆಗೆ ಅವಳೊಳಗೆ ಒಂದು ಅಳುಕು ಸಾಸಿವೆಯಷ್ಟು ಉಳಿದಿತ್ತು. ಆ ನಗು ಅದನ್ನೂ ಗುಡಿಸಿಕೊಂಡು ಹೋಯಿತು.

ಮೊದಲ ಹಾಡು ಚೆನ್ನಾಗಿ ಬಂತು. ಎರಡನೆಯದು ಅದಕ್ಕಿಂತ ಚೆನ್ನಾಗಿ. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಷ್ಟು ಹತ್ತಿರದಿಂದ ಆ ಗಂಟಲನ್ನು ಅವರು ಯಾವತ್ತೂ ಕೇಳಿರಲಿಲ್ಲ. ಹತ್ತಿರ ಕೂತವರೆಲ್ಲ ಹಿಂದೆ ಕಿವಿ ಮುಚ್ಚಿಕೊಂಡೇ ಕೂತವರು. ಹಸಿರು ದೀಪ ಅಲುಗಲಿಲ್ಲ. ಮೇಲಿನ ಯಂತ್ರ ತನ್ನ ಪಾಡಿಗೆ ಕುಯ್ಯೆನ್ನುತ್ತಿತ್ತು. ಅವಳ ಎದೆಯಲ್ಲಿ ಒಂದು ಹೆಮ್ಮೆ ಏಳಲು ಹೊರಟಿತು. ಇದು ನನ್ನ ಕೆಲಸ, ಇಡೀ ಕೋಣೆ ನನ್ನ ಕೆಲಸದೊಳಗೆ ಕೂತಿದೆ. ಅವನು ಹೀಗೇ ಮುಗಿಸಿಬಿಟ್ಟರೆ? ಒಂದು ಗಳಿಗೆ ಅವಳಿಗೆ ಅದೇ ಬೇಕು ಅನ್ನಿಸಿತೋ ಏನೋ. ಮೂರನೇ ಹಾಡಿನ ನಡುವೆ ಭಾವ ಜನರ ಕಡೆ ನಗುತ್ತಾ, ಬೆನ್ನು ಬಗ್ಗಿಸಿ, ಗುಬ್ಬಿಗೆ ಕೈ ಹಾಕಿದ.

ಟಿಕ್.

ಆ ಸದ್ದು ಕೇಳಿದ್ದು ಅವಳೊಬ್ಬಳಿಗೇ. ಆಂಪು ಒಂದು ಉಸಿರಿನಷ್ಟು ಹಿಂದೆ ಸರಿಯಿತು. ಭಾವ ಹುಬ್ಬು ಗಂಟಿಕ್ಕಿದ. ಇನ್ನೆರಡು ಸಾಲು ನುಡಿಸಿ ಮತ್ತೆ ಬಗ್ಗಿದ. ಟಿಕ್, ಟಿಕ್. ಈಗ ಡ್ರಮ್ಮಿನವನು ತಲೆಯೆತ್ತಿ ನೋಡಿದ. ಗಿಟಾರು ಪಕ್ಕದ ಮನೆಯಲ್ಲಿ ನುಡಿಯುತ್ತಿರುವ ಹಾಗಿತ್ತು. ಹಾಡಿನಲ್ಲಿ ಎಲ್ಲರೂ ಕಾಯುವ ಆ ಉದ್ದನೆಯ ಸ್ವರ ಹತ್ತಿರ ಬರುತ್ತಿತ್ತು. ಇಪ್ಪತ್ತೈದು ವರ್ಷದಿಂದ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ಅವನು ಹಿಡಿಯುತ್ತಿದ್ದ ಸ್ವರ. ಅದಕ್ಕೆ ಮೊದಲು ಅವನು ಕಾಲಿನ ತುದಿಯಿಂದಲೇ ಗುಬ್ಬಿಯನ್ನು ಕೊನೆಯವರೆಗೆ ತಳ್ಳಿದ.

ಭಾವ ಕಣ್ಣು ಮುಚ್ಚಿದ. ತಲೆ ಹಿಂದಕ್ಕೆ ಚೆಲ್ಲಿದ. ತಂತಿ ಎಳೆದ.

ಸೊಳ್ಳೆ.

ಯಾರೋ ಕಿಸಕ್ಕೆಂದರು. ಡ್ರಮ್ಮಿನವನು ನಿಲ್ಲಿಸಿದ. ಕೋಣೆಯಲ್ಲಿ ಈಗ ಎಲ್ಲಕ್ಕಿಂತ ದೊಡ್ಡ ಸದ್ದು ಮೇಲಿನ ಡಾಕ್ಟರದ್ದು. "ಬಾಯಿ ಇನ್ನೂ ಅಗಲಿಸಿ," ಎಂದದ್ದು ಸ್ಪಷ್ಟವಾಗಿ ಕೇಳಿಸಿತು, ಅದಕ್ಕೆ ಜನ ಬಿದ್ದು ಬಿದ್ದು ನಕ್ಕರು. ಭಾವನ ಕತ್ತು ಕೆಂಪಾಯಿತು. ಗೆರೆ ದಾಟಿದ್ದೇನೆಂದು ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗಿಲ್ಲ. ಅವನು ಮೈಕಿನ ಕಡೆ ಬಾಗಿ, "ನೋಡಿದಿರಾ, ನಾನು ಮೊದಲೇ ಹೇಳಿದ್ದೆ, ನಮ್ಮ ಟೋಸ್ಟರ್..." ಎಂದು ನಗಲು ಹೋದ. ಹೋಗುತ್ತಲೇ, ಮಾತು ಮುಗಿಯುವ ಮೊದಲೇ, ಅಭ್ಯಾಸವಾದ ಕೈ ಆಂಪಿನ ಬೆನ್ನಿಗೆ ಹೋಗಿ, ಪೆಟ್ಟಿಗೆಯ ವೈರನ್ನು ಕಿತ್ತು ಪಕ್ಕಕ್ಕೆಸೆಯಿತು. ಸ್ಪೀಕರಿನ ವೈರಿಗಾಗಿ ತಡಕಾಡಿತು. ಇನ್ನೊಂದು ಕೈ ಸುಮ್ಮನಿರದೆ ತಂತಿಗಳನ್ನು ಬಾರಿಸುತ್ತಲೇ ಇತ್ತು, ಸದ್ದು ಬಂತೇ, ಬಂತೇ ಎಂದು. ಆಂಪಿನ ಸ್ವಿಚ್ಚಿನ ಪಕ್ಕದ ದೀಪ ಉರಿಯುತ್ತಲೇ ಇತ್ತು.

"ಸ್ವಿಚ್ಚು!"

ಅಪ್ಪ ಎದ್ದು ನಿಂತಿದ್ದ. ಕಿವಿ ಹೋದಾಗಿನಿಂದ ಅವನಿಗೆ ತನ್ನ ದನಿಯ ಅಳತೆ ಸಿಗುತ್ತಿರಲಿಲ್ಲ. ಮಾತಾಡಿದರೆ ಬೀದಿಗೇ ಕೇಳುತ್ತಿತ್ತು. ಮದುವೆಯಾದಾಗಿನಿಂದ ಅಳಿಯನನ್ನು 'ನೀವು' ಎಂದಲ್ಲದೆ ಅವನು ಕರೆದಿರಲಿಲ್ಲ.

"ಸ್ವಿಚ್ಚು ಆಫ್ ಮಾಡದೆ ಕಿತ್ತೆಯಲ್ಲೋ!"

ಅವಳ ತಲೆಯ ಮೇಲಿನ ಮೀಟರಿನಲ್ಲಿ ದೀಪ ಒಂದು ಕ್ಷಣ ಕೆಂಪಾಗಿ ಮತ್ತೆ ಹಸಿರಾಯಿತು. ಇಡೀ ಕಾರ್ಯಕ್ರಮದಲ್ಲಿ ಕೆಂಪು ಬಂದದ್ದು ಅದೊಂದೇ ಸಲ.

ಭಾವ ಗಾಬರಿಯಲ್ಲಿ ತಿರುಗಿದ. ಮೈಕು ಅವನ ಗಲ್ಲದ ಕೆಳಗೇ ಇತ್ತು. ಮಾವನಿಗೆ ಕೇಳಬೇಕೆಂದು ಅವನೂ ಕೂಗಿದ. "ಏನಾಗಲ್ಲ ಮಾವ, ನಾನು ಯಾವಾಗಲೂ ಹೀಗೇ ಕೀಳೋದು!"

ಸ್ಪೀಕರುಗಳು ಅದನ್ನು ಕೋಣೆಯ ನಾಲ್ಕು ಮೂಲೆಗೂ ಹಂಚಿದವು. ಅಪ್ಪನಿಗೂ ಕೇಳಿಸಿತು.

"ಯಾವಾಗಲೂ?"

ಯಾರೂ ನಗಲಿಲ್ಲ. ಡ್ರಮ್ಮಿನವನು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡ. ಅಪ್ಪ ನಿಂತೇ ಇದ್ದ. ನಡುಗುವ ಕೈಯನ್ನು ಎತ್ತಿ ಆಂಪಿನ ಕಡೆ ತೋರಿಸಿದ.

"ಅವತ್ತೂ ಹೀಗೇ ಕಿತ್ತೆಯಾ?"

ಭಾವ ಮೈಕಿನಿಂದ ಮುಖ ಸರಿಸಿದ. ಬಾಯಿ ತೆರೆದ. ಅಷ್ಟರಲ್ಲಿ ಆಂಪಿನ ಬೆನ್ನಿನಿಂದ ಒಂದು ವಾಸನೆ ಎದ್ದು, ಮೆಲ್ಲಗೆ ಮೊದಲ ಸಾಲಿಗೆ, ಎರಡನೇ ಸಾಲಿಗೆ, ಗೋಡೆಗೊರಗಿದವರ ಮೂಗಿಗೆ ತಲುಪಿತು. ಸುಟ್ಟ ತಾಮ್ರದ್ದಲ್ಲ, ಅರಗಿನದ್ದಲ್ಲ. ಬೆಳಗಿನ ಅಡುಗೆಮನೆಯದು.

"ಯಾರು ಬ್ರೆಡ್ಡು ಕಾಯಿಸ್ತಿರೋದು?" ಎಂದಳು ಪ್ರೆಸ್ಸಮ್ಮ.

ಅವಳು ಸ್ಟೂಲಿನಿಂದ ಎದ್ದಳು. ವೇದಿಕೆ ಹತ್ತಿ, ಭಾವನನ್ನು ನೋಡದೆ, ಅಂಗಡಿಯಲ್ಲಿ ಮಾಡುವಷ್ಟೇ ನಿಧಾನವಾಗಿ ಸ್ವಿಚ್ಚು ಆಫ್ ಮಾಡಿದಳು. ವೈರನ್ನು ಹುಡುಕಿ ಚುಚ್ಚಿದಳು. ಗುಬ್ಬಿಯನ್ನು ಎಡಕ್ಕೆ, ಕೆಂಪು ಗೆರೆಗೆ ತಂದಳು. ಟಿಕ್, ಟಿಕ್, ಟಿಕ್, ಟಿಕ್, ಟಿಕ್. ಈ ಸಲ ಎಲ್ಲರಿಗೂ ಕೇಳಿಸಿತು, ಹಿಂದಿನ ಸಾಲಿನಲ್ಲಿ ಒಬ್ಬ ಎಣಿಸಿಯೂ ಬಿಟ್ಟ. "ಐದು ಮನೆ ದಾಟಿದಾನೆ!" ಅವಳು ಸ್ವಿಚ್ಚು ಒತ್ತಿ, ವಾಲ್ವುಗಳು ಕಾಯುವವರೆಗೆ ಕೈಕಟ್ಟಿ ನಿಂತು, ಭಾವನ ಕುತ್ತಿಗೆಗೆ ನೇತಾಡುತ್ತಿದ್ದ ಗಿಟಾರಿನ ಕೆಳತಂತಿಯನ್ನು ಒಂದೇ ಬೆರಳಿನಿಂದ ಮೀಟಿದಳು.

ಆಂಪು ತುಂಬಿದ ಕೊರಳಲ್ಲಿ ಹಾಡಿತು. ಅದು ಆರುವವರೆಗೂ ಕಾದು, ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಎಂಟು ವರ್ಷ ಈ ಗಳಿಗೆಗೆಂದು ಕಟ್ಟಿಟ್ಟುಕೊಂಡ ಮಾತುಗಳು ಒಂದು ಮೂಟೆಯಷ್ಟಿದ್ದವು.

"ಕೆಟ್ಟಿಲ್ಲ," ಅಂದಳು. "ಟೋಸ್ಟರ್ ಮಾತ್ರ ಸ್ವಲ್ಪ ಬಿಸಿಯಾಗಿದೆ."

ಕಾರ್ಯಕ್ರಮ ಅಲ್ಲಿಗೇ ನಿಲ್ಲಲಿಲ್ಲ, ಅದೇ ಭಾವನಿಗೆ ಬಿದ್ದ ದೊಡ್ಡ ಏಟು. ಅವನು ಇನ್ನೂ ಆರು ಹಾಡು ನುಡಿಸಬೇಕಾಯಿತು, ಏಳರಲ್ಲೇ, ಮುಂದಿನ ಸಾಲಿನಲ್ಲಿ ಮಾವನ ಕಣ್ಣೆದುರು, ಕೈಯನ್ನು ಗುಬ್ಬಿಯ ಹತ್ತಿರ ಒಯ್ದಾಗಲೆಲ್ಲ ಕೋಣೆಗೆ ಕೋಣೆ 'ಟಿಕ್!' ಎಂದು ಕೂಗುತ್ತಿದ್ದಾಗ. ಮೇಲೆ ಪೇಷೆಂಟಿನ ದವಡೆ ಹಲ್ಲು ಯಾವ ತೊಂದರೆಯೂ ಇಲ್ಲದೆ ಬಂತಂತೆ.

ಜನ ಹೊರಡುವಾಗ ಅಪ್ಪ ವೇದಿಕೆಯ ಹತ್ತಿರ ಬಂದು ಆಂಪಿನ ನೆತ್ತಿಯ ಮೇಲೆ ಅಂಗೈ ಇಟ್ಟ. ಟ್ರಾನ್ಸ್‌ಫಾರ್ಮರಿನ ಬಿಸಿ ಅವನಿಗೆ ಮರದ ಮೇಲಿಂದಲೇ ತಿಳಿಯುತ್ತಿತ್ತು.

"ಬೀರುವಿನ ಕೀಲಿ ನಾಳೆ ಕೊಡ್ತೀನಿ," ಅಂದ. ಎಂದಿನ ಹಾಗೆ ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಈಗಲೇ ಕೊಡು."

"ಮನೇಲಿ..."

"ಇಲ್ಲೇ."

ಅವಳು ದನಿ ಎತ್ತಲಿಲ್ಲ. ಅಪ್ಪ ಅವಳ ತುಟಿ ನೋಡಿ ಅರ್ಥಮಾಡಿಕೊಂಡ. ಅಂಗಿಯ ಗುಂಡಿ ಬಿಚ್ಚಿ, ಒಳಜೇಬಿನ ಪಿನ್ನಿಗೆ ಬೆರಳು ಹಾಕಿದ. ಬೆರಳು ನಡುಗಿತು, ಪಿನ್ನು ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಬಾಗಿಲ ಹತ್ತಿರ ನಿಂತವರು ತಿರುಗಿ ನೋಡಿದರು. ಪ್ರೆಸ್ಸಮ್ಮ ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟಳು, ಮಗಳ ಮುಖ ನೋಡಿ ಅಲ್ಲೇ ನಿಂತಳು. ಅವಳು ಕೈಚಾಚಿದರೆ ಒಂದು ಗಳಿಗೆಯ ಕೆಲಸ. ಅಷ್ಟು ಸಣ್ಣ ತಂತಿಗಳನ್ನು ದಿನಾ ಬೆಸೆಯುವ ಕೈ. ಆ ಕೈಯನ್ನು ಅವಳು ಜೇಬಿನಲ್ಲಿಟ್ಟುಕೊಂಡು ಕಾದಳು. ನಾಲ್ಕನೇ ಸಲಕ್ಕೆ ಪಿನ್ನು ಬಿಚ್ಚಿಕೊಂಡಿತು. ಅಪ್ಪನ ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಕೀಲಿ ಬೆಚ್ಚಗಿತ್ತು.

ಭಾವ ಯಾವಾಗ ಹೋದನೋ ಯಾರೂ ನೋಡಲಿಲ್ಲ. ಗಿಟಾರು ತೆಗೆದುಕೊಂಡು ಹೋಗಿದ್ದ, ಆಂಪು ಬಿಟ್ಟು ಹೋಗಿದ್ದ. ಅದನ್ನು ಅವಳೂ ಅಕ್ಕನೂ ಒಂದೊಂದು ಹಿಡಿ ಹಿಡಿದು ಹೊರಗೆ ತಂದು ವ್ಯಾನಿಗಾಗಿ ಕಾಯುತ್ತಾ ಮೆಟ್ಟಿಲ ಮೇಲೆ ಇಟ್ಟರು. ಇನ್ನೂ ಬಿಸಿಲಿತ್ತು. ಆಂಪಿನಿಂದ ಈಗಲೂ ತೆಳ್ಳಗೆ ಬ್ರೆಡ್ಡಿನ ವಾಸನೆ.

"ಗುಬ್ಬಿ ಸರಿ ಮಾಡಿಕೊಡ್ತೀಯಾ ಅಂತ ಕೇಳು ಅಂತ ಮೆಸೇಜ್ ಹಾಕಿದಾರೆ," ಎಂದಳು ಅಕ್ಕ.

"ಸರಿಯಾಗೇ ಇದೆ. ಜೋರು ಬೇಕಾದರೆ ಕಮ್ಮಿ ಮಾಡೋದು ಕಲೀಲಿ."

ಅಕ್ಕ ನಕ್ಕಳು. ನಕ್ಕು, ಚೀಲದ ಜಿಪ್ಪು ಎಳೆದಳು, ಬಿಟ್ಟಳು. ಆಮೇಲೆ ಬೀದಿಯ ಕಡೆ ನೋಡುತ್ತಾ ಹೇಳಿದಳು:

"ಅವತ್ತು ಅವರು ಕಿತ್ತಿದ್ದು ನಾನು ನೋಡಿದ್ದೆ."

ಅವಳು ತಿರುಗಲಿಲ್ಲ.

"ಮೊದಲ ಸಾಲಲ್ಲೇ ಇದ್ದೆ. ಮದುವೆಯಾಗಿ ಇನ್ನೂ ಎರಡು ವರ್ಷ. ಏನು ಹೇಳಲಿ? ನಿನ್ನ ಪೆಟ್ಟಿಗೆ ಎತ್ತಿಕೊಂಡು ಹೋಗಿದ್ದೂ ನಾನೇ. ಬಿಚ್ಚಿ ನೋಡಿದರೆ ನಿಂದು ತಪ್ಪಿಲ್ಲ ಅಂತ ಗೊತ್ತಾಗಿಬಿಡುತ್ತೆ ಅಂತ. ಅಟ್ಟದ ಮೇಲಿದೆ. ಹಾಗೇ ಇದೆ." ಅಕ್ಕ ಜಿಪ್ಪನ್ನು ಮತ್ತೆ ಎಳೆದಳು. "ಇವತ್ತು ನಂಗೆ ಎಷ್ಟು ಹಗುರ ಆಯ್ತು ಗೊತ್ತಾ? ಬೈದುಬಿಡು ಒಂದ್ಸಲ. ಮುಗಿಸಿಬಿಡು."

ಬೀದಿಯ ತುದಿಯಲ್ಲಿ ವ್ಯಾನು ತಿರುಗಿತು. ಅವಳು ಬಗ್ಗಿ ತನ್ನ ಕಡೆಯ ಹಿಡಿಯನ್ನು ಹಿಡಿದಳು, ಅಕ್ಕ ಅವಸರದಲ್ಲಿ ಕಣ್ಣೊರೆಸಿಕೊಂಡು ತನ್ನ ಕಡೆಯದನ್ನು. ಇಬ್ಬರೂ ಒಟ್ಟಿಗೆ ಎತ್ತಿದರು. ಭಾರ ಸಮವಾಗಿ ಬಿತ್ತು.

"ಬೈಯಲ್ಲಕ್ಕ," ಎಂದಳು ಅವಳು, ತುಂಬ ಮೆತ್ತಗೆ. "ನಿಂಗೂ ಒಂದು ಪೆಟ್ಟಿಗೆ ಮಾಡಿಕೊಡ್ತೀನಿ, ಕೆಂಪು ಗೆರೆ ಎಳೆದು."